ಬಂದರು ಬೆಳಗಾವಿಯಿಂದ ಎಷ್ಟು ದೂರ?

ಸಮುದ್ರವನ್ನೇ ಕಾಣದ ಊರಿನವರು ಬಂದರುಗಳ ಸುಧಾರಣೆಯ ಬಗ್ಗೆ ಏಕೆ ಬರೆಯಬೇಕು, ಏಕೆ ಓದಬೇಕು ಎಂದು ವಾಚಕರಲ್ಲಿ ಹಲವರು ಕೇಳಬಹುದು. ಕೇಳುವುದು ಸಹಜವೇ. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿರುವ ನಗರ. ಖಾನಾಪುರವೆಂದರೆ ಕಾಡು, ಎಡೆಬಿಡದ ಮಳೆ, ಭತ್ತದ ಗದ್ದೆ, ಗೇರುಮರ, ಹೆಂಚಿನ ಭಟ್ಟಿ. ಇಲ್ಲಿ ಹಡಗಿನ ಸಿಳ್ಳು ಕೇಳಿಸುವುದಿಲ್ಲ. ಆದರೂ ಇಂದಿನ ಬಂದರು ಸಮುದ್ರದ ದಂಡೆಯಲ್ಲಿ ಮಾತ್ರ ಇಲ್ಲ. ಅದರ ಒಂದು ಬಾಗಿಲು ನಮ್ಮ ಉದ್ಯಮಬಾಗದ ಕಾರಖಾನೆಯ ಅಂಗಳಕ್ಕೇ ಬಂದು ನಿಂತಿದೆ. ಆ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಇನ್ನೂ ಮುಚ್ಚಿದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿಗೂ ಕಡಲಿಗೂ ಇರುವ ನಂಟು ಹೊಸದಲ್ಲ. ಗೋವೆಯ ಕದಂಬರು ಕೊಂಕಣ ಒಂಬೈನೂರನ್ನೂ ಹಲಸಿಗೆ ಹನ್ನೆರಡು ಸಾವಿರವನ್ನೂ ಒಟ್ಟಿಗೆ ಆಳಿದವರು. ಕಡಲ ವ್ಯಾಪಾರದ ಗೋವೆಯೂ ಇಂದು ಖಾನಾಪುರ ತಾಲೂಕಿನಲ್ಲಿರುವ ಹಲಸಿಯೂ ಅವರಿಗೆ ಒಂದೇ ಮನೆಯ ಎರಡು ಅಂಕಣಗಳಿದ್ದಂತೆ. ನಿಸರ್ಗವೂ ಇದೇ ಪಾಠವನ್ನು ಹೇಳುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿದರೆ, ಅದೇ ತಾಲೂಕಿನ ಕಾಡಿನಲ್ಲಿ ಹುಟ್ಟಿದ ಮಹಾದಾಯಿ ಪಶ್ಚಿಮಕ್ಕಿಳಿದು ಮಾಂಡೋವಿಯೆಂಬ ಹೆಸರಿನಿಂದ ಪಣಜಿಯ ಬಳಿ ಸಮುದ್ರವನ್ನು ಕೂಡುತ್ತದೆ. ಖಾನಾಪುರದ ಮಳೆನೀರಿಗೆ ಬಂದರಿನ ದಾರಿ ಮೊದಲಿನಿಂದಲೂ ಗೊತ್ತು.

ಮನುಷ್ಯನು ಆ ದಾರಿಯನ್ನು ಹಳಿಯ ಮೇಲೆ ಮಾಡಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ೧೮೭೮ರಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಆದ ಒಪ್ಪಂದದ ಫಲವಾಗಿ ಮಾರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್ ರಾಕ್ ತನಕ ರೈಲುಮಾರ್ಗವಾಯಿತು. ೧೮೮೮ರ ಹೊತ್ತಿಗೆ ಅದು ಪೂರ್ಣವಾಗಿ ಬಳಕೆಗೆ ಬಂದಿತು. ಇತ್ತ ಸದರ್ನ್ ಮರಾಠಾ ರೈಲ್ವೆಯು ಲೋಂಡಾದ ಮೂಲಕ ಅದಕ್ಕೆ ಕೂಡಿಕೊಂಡಿತು. ಖಾನಾಪುರ ತಾಲೂಕಿನ ಒಂದು ಸಣ್ಣ ಊರಾಗಿದ್ದ ಲೋಂಡಾ ದೊಡ್ಡ ಜಂಕ್ಷನ್ನಾದದ್ದು ಬಂದರಿನ ಕಾರಣದಿಂದಲೇ. ಆ ಕಾಲದಲ್ಲಿ ಗೋವೆಯು ಪರರಾಜ್ಯ. ಆದುದರಿಂದ ಘಟ್ಟದ ಮೇಲೆ ಕ್ಯಾಸಲ್ ರಾಕ್‌ನಲ್ಲಿ ನಮ್ಮ ಕಡೆಯ ಜಕಾತಿ ತಪಾಸಣೆ, ಘಟ್ಟದ ಕೆಳಗೆ ಕುಲೆಂನಲ್ಲಿ ಪೋರ್ತುಗೀಜರ ತಪಾಸಣೆ. ಬಂಡಿ ನಿಲ್ಲಬೇಕು, ಗಂಟು ಬಿಚ್ಚಬೇಕು, ಚೀಟಿ ತೋರಿಸಬೇಕು. ೧೯೫೫ರಲ್ಲಿ ಗೋವಾ ವಿಮೋಚನೆಯ ಹೋರಾಟದ ಕಾಲಕ್ಕೆ ಈ ಸಂಚಾರವೇ ನಿಂತುಹೋಯಿತು. ೧೯೬೧ರ ಡಿಸೆಂಬರಿನಲ್ಲಿ ಗೋವೆಯು ಸ್ವತಂತ್ರವಾದ ಬಳಿಕ ಆ ಗಡಿಯ ಜಕಾತಿಗೆ ಅರ್ಥವೇ ಉಳಿಯಲಿಲ್ಲ.

ಈ ಹಳೆಯ ಮಾತನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ. ಜಕಾತಿಯ ಕಟ್ಟೆ ಎಲ್ಲಿರುತ್ತದೆಯೋ ಅಲ್ಲಿಂದ ಹೊರನಾಡು ಆರಂಭವಾಗುತ್ತದೆ. ಒಂದು ಕಾಲಕ್ಕೆ ಅದು ಕ್ಯಾಸಲ್ ರಾಕ್‌ನಲ್ಲಿತ್ತು. ಆಮೇಲೆ ಬಂದರಿನ ಗೇಟಿಗೆ ಹೋಯಿತು. ಈಗ ಗಣಕಯಂತ್ರದ ಬಲದಿಂದ ಅದು ಮತ್ತೆ ಒಳನಾಡಿಗೆ ಹಿಂದಿರುಗಿದೆ. ಹೇಗೆಂಬುದನ್ನು ತುಸು ವಿವರಿಸಬೇಕು.

ಬಂದರಿನಲ್ಲಿ ನಡೆಯುವ ಕೆಲಸ ಎರಡು ಬಗೆಯದು. ಒಂದು ಮಾಲು ಸಾಗುವ ಕೆಲಸ, ಇನ್ನೊಂದು ಕಾಗದ ಸಾಗುವ ಕೆಲಸ. ಮಾಲಿನ ಕೆಲಸದಲ್ಲಿ ಕ್ರಾಂತಿಯಾದದ್ದು ೧೯೫೬ರಲ್ಲಿ. ಆ ವರ್ಷದ ಏಪ್ರಿಲ್ ೨೬ರಂದು ಮ್ಯಾಲ್ಕಮ್ ಮೆಕ್ಲೀನ್ ಎಂಬ ಅಮೇರಿಕೆಯ ಲಾರಿ ವ್ಯಾಪಾರಿಯು ೫೮ ಅಲ್ಯೂಮಿನಿಯಮ್ ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಎಂಬ ಹಡಗಿನ ಮೇಲಿರಿಸಿ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದನು. ಅಲ್ಲಿಯ ತನಕ ಚೀಲ, ಪೀಪಾಯಿ, ಗಂಟುಗಳನ್ನು ಒಂದೊಂದಾಗಿ ಹೊತ್ತು ಹಡಗು ತುಂಬಲು ಅನೇಕ ದಿನಗಳು ಹಿಡಿಯುತ್ತಿದ್ದವು. ಕಂಟೇನರ್ ಎಂಬ ಈ ಪೆಟ್ಟಿಗೆಯಿಂದ ದಿನಗಳ ಕೆಲಸ ಗಂಟೆಗಳಿಗೆ ಇಳಿಯಿತು.

ಆದರೆ ಪೆಟ್ಟಿಗೆ ಎಷ್ಟು ಬೇಗ ಓಡಿದರೂ ಕಾಗದ ತನ್ನ ಹಳೆಯ ನಡಿಗೆಯಲ್ಲೇ ನಡೆಯುತ್ತಿತ್ತು. ಮಾರುವವನ ಪಟ್ಟಿ, ತೂಕದ ಚೀಟಿ, ಸುಂಕದ ಶಿಪ್ಪಿಂಗ್ ಬಿಲ್ಲು, ಬಂದರಿನ ಪ್ರವೇಶಪತ್ರ, ಹಡಗಿನವರು ಮಾಲು ಮುಟ್ಟಿತೆಂದು ಕೊಡುವ ಬಿಲ್ ಆಫ್ ಲೇಡಿಂಗ್, ಬ್ಯಾಂಕಿನ ಪತ್ರ, ವಿಮೆಯ ಪತ್ರ—ಒಂದೇ ಮಾಲಿನ ಹೆಸರು, ತೂಕ, ಬೆಲೆಗಳನ್ನು ಹತ್ತು ಕಚೇರಿಗಳಲ್ಲಿ ಹತ್ತು ಮಂದಿ ಮತ್ತೆ ಮತ್ತೆ ಬರೆಯುತ್ತಿದ್ದರು. ಒಬ್ಬನ ಕೈತಪ್ಪಿನಿಂದ ಉಳಿದವರ ಕೆಲಸವೂ ನಿಲ್ಲುತ್ತಿತ್ತು. ಹಡಗು ಬಂದರಿನಲ್ಲಿ ಕಾಯ್ದರೆ ಬಾಡಿಗೆ ಏರುತ್ತದೆ. ಪೆಟ್ಟಿಗೆ ಕಾಯ್ದರೆ ಜಾಗದ ದಂಡ ಏರುತ್ತದೆ. ಮಾಲು ತಡವಾದರೆ ಕೊಳ್ಳುವವನು ಮುಂದಿನ ಸಲ ಬೇರೆಯವನನ್ನು ಹುಡುಕುತ್ತಾನೆ. ಈ ನಷ್ಟವೆಲ್ಲ ಕೊನೆಗೆ ಬೀಳುವುದು ಮಾಲು ಮಾಡಿದವನ ತಲೆಯ ಮೇಲೆ.

ಈ ರೋಗಕ್ಕೆ ಮದ್ದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು ಸಿಂಗಾಪುರ. ೧೯೮೯ರ ಜನವರಿಯಲ್ಲಿ ಅದು ‘ಟ್ರೇಡ್‌ನೆಟ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ವ್ಯಾಪಾರಿಯು ಒಮ್ಮೆ ಬರೆದುಕೊಟ್ಟರೆ ಸಂಬಂಧಪಟ್ಟ ಕಚೇರಿಗಳೆಲ್ಲ ಅದನ್ನೇ ನೋಡಿ ಅಪ್ಪಣೆ ಕೊಡುವ ಕ್ರಮವದು. ಇದಕ್ಕೆ ಒಂಟಿ ಕಿಟಕಿಯೆಂದು ಹೆಸರಾಯಿತು. ಈಗ ಅದು ಜಗತ್ತಿನ ನಿಯಮವೇ ಆಗಿದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ನಿರ್ಣಯದಂತೆ ೨೦೨೪ರ ಜನವರಿ ೧ರಿಂದ ಹಡಗುಗಳ ಆಗಮನ ನಿರ್ಗಮನದ ಪತ್ರವ್ಯವಹಾರವನ್ನು ಸದಸ್ಯ ರಾಷ್ಟ್ರಗಳ ಬಂದರುಗಳು ಇಂಥ ಒಂದೇ ಕಿಟಕಿಯ ಮೂಲಕ ನಡೆಸುವುದು ಕಡ್ಡಾಯ.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲವೆಂದು ಸಂತೋಷದಿಂದ ಹೇಳಬಹುದು. ಸುಂಕದ ಇಲಾಖೆಯ ‘ಐಸ್‌ಗೇಟ್’ ಎಂಬ ದ್ವಾರದ ಮೂಲಕ ಶಿಪ್ಪಿಂಗ್ ಬಿಲ್ಲನ್ನು ಕುಳಿತಲ್ಲಿಂದಲೇ ಸಲ್ಲಿಸಬಹುದು. ೨೦೧೬ರಲ್ಲಿ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಪ್ರತಿ ಕಂಟೇನರಿಗೂ ರೇಡಿಯೋ ಗುರುತು ಕಟ್ಟಿ ಅದು ಎಲ್ಲಿದೆಯೆಂದು ತಿಳಿಯುವ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕು ಶುರುವಾಯಿತು. ೨೦೧೮ರ ಡಿಸೆಂಬರಿನಲ್ಲಿ ದೊಡ್ಡ ಬಂದರುಗಳ ವ್ಯವಹಾರವನ್ನು ಒಂದೆಡೆ ಸೇರಿಸುವ ಪೋರ್ಟ್ ಕಮ್ಯೂನಿಟಿ ಸಿಸ್ಟಮ್ ಹೊಸ ರೂಪದಲ್ಲಿ ಬಂದಿತು. ೨೦೨೩ರಲ್ಲಿ ಅದರ ಮುಂದಿನ ಹೆಜ್ಜೆಯಾಗಿ ನ್ಯಾಷನಲ್ ಲಾಜಿಸ್ಟಿಕ್ಸ್ ಪೋರ್ಟಲಿನ ಕಡಲ ವಿಭಾಗ ತೆರೆಯಿತು. ೨೦೨೦ರ ಅಕ್ಟೋಬರ್ ಕೊನೆಯ ಹೊತ್ತಿಗೆ ಆಮದು ಮಾಲಿನ ಸುಂಕವನ್ನು ಮುಖ ಕಾಣದ ಅಧಿಕಾರಿಯೊಬ್ಬನು ಬೇರೊಂದು ಊರಿನಲ್ಲಿ ಕುಳಿತು ನಿರ್ಣಯಿಸುವ ಪದ್ಧತಿ ದೇಶಾದ್ಯಂತ ಜಾರಿಗೆ ಬಂದಿತು. ಅಧಿಕಾರಿಯೂ ವ್ಯಾಪಾರಿಯೂ ಎದುರುಬದುರಾಗದಿದ್ದಲ್ಲಿ ‘ಕೈಬಿಸಿ’ಗೂ ಅವಕಾಶ ಕಡಿಮೆಯಾಗುತ್ತದೆಂಬುದು ಇದರ ಹಿಂದಿನ ವಿಚಾರಗಳಲ್ಲೊಂದು.

ಇವೆಲ್ಲವುಗಳಿಗಿಂತ ನಮ್ಮ ಊರಿಗೆ ಹತ್ತಿರವಾದದ್ದು ೨೦೧೭ರಲ್ಲಿ ಬಂದ ಸ್ವಯಂ ಮೊಹರಿನ ಪದ್ಧತಿ. ಮೊದಲು ಕಾರಖಾನೆಯಲ್ಲಿ ಕಂಟೇನರ್ ತುಂಬಿ ಮೊಹರು ಮಾಡಬೇಕಾದರೆ ಸರಕಾರಿ ಅಧಿಕಾರಿಯು ಬಂದು ನಿಲ್ಲಬೇಕಾಗಿತ್ತು. ಈಗ ಅಪ್ಪಣೆ ಪಡೆದ ರಫ್ತುದಾರನು ತನ್ನ ಅಂಗಳದಲ್ಲೇ ಮಾಲು ತುಂಬಿ, ರೇಡಿಯೋ ಅಲೆಗೆ ಉತ್ತರಿಸುವ ಚಿಪ್ ಇರುವ ಇ-ಸೀಲನ್ನು ತಾನೇ ಜಡಿದು ಕಳಿಸಬಹುದು. ಬಂದರಿನಲ್ಲಿ ಯಂತ್ರವು ಆ ಸೀಲನ್ನು ಓದಿ, ದಾರಿಯಲ್ಲಿ ಯಾರಾದರೂ ಅದನ್ನು ಮುರಿದಿದ್ದಾರೆಯೇ ಎಂದು ಹೇಳುತ್ತದೆ. ಸೀಲು ಸರಿಯಿದ್ದು ಬೇರೆ ಸಂಶಯವಿಲ್ಲದಿದ್ದರೆ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಬಿಚ್ಚುವುದಿಲ್ಲ. ಅಂದ ಮೇಲೆ ಜಕಾತಿಯ ಕಟ್ಟೆ ಎಲ್ಲಿಗೆ ಬಂದಂತಾಯಿತು? ಉದ್ಯಮಬಾಗದ ಅಥವಾ ಮಚ್ಛೆಯ ಕಾರಖಾನೆಯ ಗೇಟಿಗೇ ಬಂದಂತಾಯಿತು. ಬಂದರು ಬೆಳಗಾವಿಯಿಂದ ಎಷ್ಟು ದೂರವೆಂದು ಕೇಳಿದರೆ, ಇಂಥ ಕಾರಖಾನೆಯವನು ‘ನಮ್ಮ ಅಂಗಳದಷ್ಟು ದೂರ’ ಎಂದು ಉತ್ತರ ಕೊಡಬಹುದು.

ಆದರೆ ಬೆಳಗಾವಿಯಲ್ಲಿ ಎಲ್ಲರೂ ಅಂಥ ಕಾರಖಾನೆಯವರಲ್ಲ. ನನ್ನ ಮಾತಿನ ಮುಖ್ಯ ಭಾಗ ಇಲ್ಲಿಯೇ ಇದೆ.

ಬೆಳಗಾವಿಯ ಎರಕದ ಕೆಲಸ ಹೆಸರಾದದ್ದು. ಮೋಟಾರುಗಾಡಿಯ ಬಿಡಿಭಾಗ, ಪಂಪಿನ ಕವಚ, ವಾಲ್ವಿನ ಒಡಲು ಮುಂತಾದವು ಇಲ್ಲಿಯ ಫೌಂಡ್ರಿಗಳಲ್ಲಿ ಎರಕಗೊಳ್ಳುತ್ತವೆ. ಇವುಗಳಲ್ಲಿ ದೊಡ್ಡವೂ ಇವೆ. ಹತ್ತು ಹದಿನೈದು ಜನರನ್ನಿಟ್ಟುಕೊಂಡು ನಡೆಯುವ ಸಣ್ಣವೂ ಇವೆ. ತನ್ನ ಅಂಗಳದಲ್ಲಿ ಮೊಹರು ಹಾಕಬೇಕೆಂದರೆ ಇಡೀ ಒಂದು ಕಂಟೇನರನ್ನು ತಾನೇ ತುಂಬುವಷ್ಟು ಮಾಲು ಬೇಕು. ನಾಲ್ಕು ಪೆಟ್ಟಿಗೆ ಮಾಲು ಮಾಡಿದವನಿಗೆ ಆ ಭಾಗ್ಯವಿಲ್ಲ. ಅವನ ಪೆಟ್ಟಿಗೆಗಳು ಏಜೆಂಟನ ಮೂಲಕ ಬಂದರಿನ ಬಳಿಯ ಉಗ್ರಾಣಕ್ಕೆ ಹೋಗಿ, ಪರರ ಮಾಲಿನೊಡನೆ ಒಂದು ಕಂಟೇನರಿನಲ್ಲಿ ಜಾಗ ಸಿಗುವವರೆಗೆ ಕಾಯಬೇಕು. ದೊಡ್ಡವನಿಗೆ ಬಂದರು ಗೇಟಿನಲ್ಲಿ. ಸಣ್ಣವನಿಗೆ ಅದು ಇನ್ನೂ ಸುಮಾರು ೫೦೦ ಕಿಲೋಮೀಟರಿನಾಚೆ ನ್ಹಾವಾ ಶೇವಾದಲ್ಲಿ. ಯಂತ್ರಯುಗದ ಸುಧಾರಣೆಯು ದೂರವನ್ನು ಕಡಿಮೆ ಮಾಡಿತೆಂಬುದು ನಿಜ. ಆದರೆ ಎಲ್ಲರಿಗೂ ಸಮನಾಗಿ ಕಡಿಮೆ ಮಾಡಲಿಲ್ಲವೆಂಬುದೂ ಅಷ್ಟೇ ನಿಜ.

ಕಾಗದದ ವಿಷಯದಲ್ಲಿಯೂ ಇದೇ ಭೇದ. ಪ್ರತಿಯೊಂದು ಸರಕಿಗೂ ಎಂಟು ಅಂಕಿಗಳ ಒಂದು ಗುರುತು ಉಂಟು. ಕಬ್ಬಿಣದ ಎರಕದ ಸಾಮಾನ್ಯ ವಸ್ತುಗಳ ಗುರುತು ೭೩೨೫ರಿಂದ ಮೊದಲಾಗುತ್ತದೆ, ಪಂಪು ಮತ್ತು ಅದರ ಭಾಗಗಳದು ೮೪೧೩ರಿಂದ, ವಾಲ್ವುಗಳದು ೮೪೮೧ರಿಂದ. ಒಂದೇ ಕುಲುಮೆಯಿಂದ ಬಂದ ಎರಡು ತುಂಡುಗಳು ಎರಡು ಬೇರೆ ಅಧ್ಯಾಯಗಳಿಗೆ ಸೇರಬಹುದು. ಹಿಂದೆ ಎದುರಿಗೆ ಗುಮಾಸ್ತನೊಬ್ಬನಿದ್ದನು. ತಪ್ಪಾದರೆ ‘ಇದಲ್ಲ, ಅದು’ ಎಂದು ಹೇಳಿ ತಿದ್ದಿಸುತ್ತಿದ್ದನು. ಯಂತ್ರವು ಹಾಗೆ ಹೇಳುವುದಿಲ್ಲ, ಸುಮ್ಮನೆ ನಿಲ್ಲಿಸುತ್ತದೆ. ೨೦೧೭ರಲ್ಲಿ ಜಿ.ಎಸ್.ಟಿ. ಬಂದ ಹೊಸದರಲ್ಲಿ ದೇಶದ ತುಂಬ ರಫ್ತುದಾರರಿಗೆ ಬರಬೇಕಾಗಿದ್ದ ತೆರಿಗೆಯ ಹಣ ತಿಂಗಳುಗಟ್ಟಲೆ ನಿಂತುಬಿಟ್ಟಿತು. ಅದಕ್ಕೆ ಒಂದು ಮುಖ್ಯ ಕಾರಣ, ತೆರಿಗೆಯ ಪಟ್ಟಿಯಲ್ಲಿ ಬರೆದ ಇನ್‌ವಾಯ್ಸ್ ಸಂಖ್ಯೆಗೂ ಶಿಪ್ಪಿಂಗ್ ಬಿಲ್ಲಿನಲ್ಲಿ ಬರೆದ ಸಂಖ್ಯೆಗೂ ಅಕ್ಷರಕ್ಕೆ ಅಕ್ಷರ ಹೊಂದದಿದ್ದುದು. ಒಂದು ಗೀಟು ಹೆಚ್ಚಾದರೂ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಬಂಡವಾಳವಿದ್ದವನು ತಡೆದುಕೊಂಡನು. ಸಾಲ ಮಾಡಿ ಬೀಡುಕಬ್ಬಿಣ ತಂದವನು ಹೇಗೆ ತಡೆದುಕೊಳ್ಳಬೇಕು? ಕೂಲಿಯವರಿಗೆ ಶನಿವಾರದ ಬಟವಾಡೆ ತಪ್ಪುವುದಿಲ್ಲವಷ್ಟೆ!

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಇಷ್ಟೊಂದು ತೊಡಕಾದರೆ ಹಳೆಯ ಕಾಗದದ ಪದ್ಧತಿಯೇ ಲೇಸಲ್ಲವೇ?’ ಎಂದು. ಖಂಡಿತವಾಗಿಯೂ ಅಲ್ಲ. ಅದಕ್ಕೆ ನಮ್ಮ ಭೂಗೋಳವೇ ಸಾಕ್ಷಿ. ಬೆಳಗಾವಿಗೆ ಹತ್ತಿರದ ದೊಡ್ಡ ಬಂದರು ಮಾರ್ಮಗೋವಾ. ರಸ್ತೆಯಿಂದ ಸುಮಾರು ೧೫೦ ಕಿಲೋಮೀಟರು. ಆದರೆ ನಡುವೆ ಘಟ್ಟವಿದೆ. ಕ್ಯಾಸಲ್ ರಾಕ್‌ನಿಂದ ಕುಲೆಂಗೆ ಇಳಿಯುವ ರೈಲುಮಾರ್ಗದ ಇಳಿಜಾರು ೩೭ ಅಡಿಗೆ ಒಂದು ಅಡಿ. ಗಾಡಿಯನ್ನು ಏರಿಸಲು ಹೆಚ್ಚಿನ ಎಂಜಿನುಗಳನ್ನು ಹಿಂದೆ ಹಚ್ಚಬೇಕು. ಈ ಮಾರ್ಗವನ್ನು ಜೋಡಿಹಳಿ ಮಾಡುವ ಯೋಜನೆಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೨೨ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಆ ಕಾಡು ಕೂಡ ನಮ್ಮದೇ. ಮಲಪ್ರಭೆ ಮಹಾದಾಯಿಗಳ ತವರಾದ ಸಹ್ಯಾದ್ರಿಯ ಕಾಡು. ಅದನ್ನು ಕಡಿದು ಹಳಿ ಹಾಸುವುದೇ ಪ್ರಗತಿಯೆಂದು ಖಾನಾಪುರದ ಮಗುವೂ ಒಪ್ಪಲಾರದು. ಹೊಸ ದಾರಿ ಮಾಡಲಾಗದಲ್ಲಿ ಇರುವ ದಾರಿಯನ್ನೇ ಬುದ್ಧಿಯಿಂದ ಬಳಸಬೇಕು. ಯಾವ ಹಡಗು ಎಂದು ಬರುತ್ತದೆ, ಯಾವ ವ್ಯಾಗನ್ನು ಖಾಲಿಯಾಗಿ ಹಿಂದಿರುಗುತ್ತಿದೆ, ಯಾವ ಲಾರಿ ಯಾವ ಹೊತ್ತಿಗೆ ಗೇಟು ಮುಟ್ಟಬೇಕು ಎಂಬ ವರ್ತಮಾನ ಮೊದಲೇ ಕೈಗೆ ಬಂದರೆ ಒಂದು ಮರವನ್ನೂ ಕಡಿಯದೆ ಅದೇ ಹಳಿಯ ಮೇಲೆ, ಅದೇ ರಸ್ತೆಯ ಮೇಲೆ ಹೆಚ್ಚು ಮಾಲು ಸಾಗಬಲ್ಲದು. ವರ್ತಮಾನವೂ ಒಂದು ರಸ್ತೆಯೇ. ಅದಕ್ಕೆ ಭೂಸ್ವಾಧೀನ ಬೇಡ.

ಇನ್ನೊಂದು ಆಕ್ಷೇಪವು ಹೆಚ್ಚು ಗಂಭೀರವಾದದ್ದು. ಯಂತ್ರ ಬಂದರೆ ಮನುಷ್ಯನ ಹೊಟ್ಟೆಯ ಗತಿಯೇನು? ಕಂಟೇನರ್ ಬಂದ ಮೇಲೆ ಜಗತ್ತಿನ ಬಂದರುಗಳಲ್ಲಿ ಮೂಟೆ ಹೊರುವವರ ಸಂಖ್ಯೆ ಕುಸಿಯಿತೆಂಬುದು ಇತಿಹಾಸ. ಈಗ ಗಣಕಯಂತ್ರದಿಂದ ಗುಮಾಸ್ತರ ಸರದಿ. ಇದನ್ನು ಸಿಹಿಮಾತಿನಿಂದ ಮುಚ್ಚುವುದು ಸರಿಯಲ್ಲ. ಆದರೆ ಹೊಸ ಕೆಲಸ ಯಾರಿಗೆ ಸಿಗುತ್ತದೆಂಬುದು ತರಬೇತಿಯನ್ನು ಅವಲಂಬಿಸಿದೆ. ೨೦೨೫ರ ಮೇ ತಿಂಗಳಲ್ಲಿ ವಿಧಿವತ್ತಾಗಿ ಉದ್ಘಾಟನೆಯಾದ ಕೇರಳದ ವಿಳಿಞ್ಞಂ ಬಂದರಿನಲ್ಲಿ ಕ್ರೇನುಗಳನ್ನು ದೂರದ ಕೋಣೆಯಲ್ಲಿ ಕುಳಿತು ನಡೆಸುತ್ತಾರೆ. ಆ ಕೆಲಸಕ್ಕೆ ಸುತ್ತಲಿನ ಊರುಗಳ ಹೆಣ್ಣುಮಕ್ಕಳೂ ತರಬೇತಿ ಪಡೆದು ಸೇರಿದ್ದಾರೆ. ಮೂಟೆ ಹೊರುವ ಕಾಲದಲ್ಲಿ ಬಂದರಿನ ಕೆಲಸ ಹೆಂಗಸರಿಗೆಲ್ಲಿತ್ತು? ಕಲಿಸುವವರಿದ್ದರೆ ಯಂತ್ರವು ಒಬ್ಬರ ಅನ್ನ ಕಸಿಯುವ ಬದಲು ಇನ್ನೊಬ್ಬರಿಗೆ ಅನ್ನದ ದಾರಿಯಾಗಬಹುದು. ಕಲಿಸುವವರಿಲ್ಲದಿದ್ದರೆ ಕಸಿಯುವುದಷ್ಟೇ ಉಳಿಯುತ್ತದೆ.

ಮೂರನೆಯದು ನಂಬಿಕೆಯ ಪ್ರಶ್ನೆ. ಯಂತ್ರದಲ್ಲಿ ಬರೆದದ್ದೆಲ್ಲ ಸತ್ಯವೆಂದು ತಿಳಿಯುವುದು ಭೋಳೆತನ. ನಮ್ಮದೇ ಕಡಲತೀರದ ಬೇಲೆಕೇರಿಯ ಪ್ರಕರಣವನ್ನು ಕನ್ನಡಿಗರು ಮರೆಯಬಾರದು. ಅಕ್ರಮವೆಂದು ಅರಣ್ಯ ಇಲಾಖೆಯು ಅಲ್ಲಿ ವಶಪಡಿಸಿಕೊಂಡಿದ್ದ ಕಬ್ಬಿಣದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ನು ೨೦೧೦ರಲ್ಲಿ ಬಂದರಿನಿಂದ ಹೊರಬಿದ್ದು ಹಡಗೇರಿ ಹೋಯಿತು. ಕಾಗದದಲ್ಲಿ ಸರಕಾರದ ವಶದಲ್ಲಿದ್ದ ಮಾಲು ನೆಲದ ಮೇಲೆ ಇರಲಿಲ್ಲ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರು ೨೦೧೧ರ ಜುಲೈಯಲ್ಲಿ ಕೊಟ್ಟ ವರದಿಯಿಂದ ನಾಡೇ ಬೆಚ್ಚಿತು. ಕಾಗದದ ಬದಲು ಗಣಕಯಂತ್ರವಿದ್ದರೆ ಹೀಗಾಗುತ್ತಿರಲಿಲ್ಲವೇ? ಯಂತ್ರ ಒಂದರಿಂದಲೇ ತಪ್ಪುತ್ತಿರಲಿಲ್ಲ; ಸುಳ್ಳು ಹೇಳುವವನು ಕೀರ್ದಿಯಲ್ಲಿ ಹೇಗೆ ಬರೆದನೋ ಯಂತ್ರದಲ್ಲಿಯೂ ಹಾಗೆಯೇ ಬರೆಯಬಲ್ಲನು. ಆದರೆ ತೂಕದ ಕಾಟಾ, ಗೇಟು, ಅರಣ್ಯ ಇಲಾಖೆ, ಸುಂಕದ ಕಚೇರಿ, ಹಡಗಿನವರು—ಇವರೆಲ್ಲರ ಲೆಕ್ಕವೂ ಅಳಿಸಲಾಗದಂತೆ ಒಂದೆಡೆ ಕೂಡಿ, ಒಬ್ಬರದನ್ನು ಇನ್ನೊಬ್ಬರು ನೋಡುವಂತಿದ್ದರೆ ಅಷ್ಟು ಜನರು ಒಟ್ಟಾಗಿ ಒಂದೇ ಸುಳ್ಳು ಹೇಳುವುದು ಕಠಿಣವಾಗುತ್ತದೆ. ಡಿಜಿಟಲ್ ಪದ್ಧತಿಯ ನಿಜವಾದ ಬೆಲೆ ವೇಗದಲ್ಲಿಲ್ಲ, ಈ ಪರಸ್ಪರ ಸಾಕ್ಷಿಯಲ್ಲಿದೆ.

ಯಂತ್ರವನ್ನು ಪೂರ್ತಿ ನಂಬಿ ಕುಳಿತರೆ ಏನಾಗುವುದೆಂಬುದಕ್ಕೂ ಉದಾಹರಣೆಗಳಿವೆ. ೨೦೧೭ರ ಜೂನ್ ೨೭ರಂದು ‘ನಾಟ್‌ಪೆಟ್ಯಾ’ ಎಂಬ ಗಣಕಪಿಡುಗು ಮೇರ್ಸ್ಕ್ ಹಡಗು ಕಂಪನಿಯನ್ನು ಬಡಿದಾಗ, ಆ ಸಮೂಹವು ನ್ಹಾವಾ ಶೇವಾದಲ್ಲಿ ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ತಡವರಿಸಿತು. ಯೂರೋಪಿನಲ್ಲಿ ಹತ್ತಿದ ಬೆಂಕಿಯ ಹೊಗೆ ನಮ್ಮ ಬಂದರಿಗೆ ಬರಲು ಒಂದು ದಿನವೂ ಬೇಕಾಗಲಿಲ್ಲ. ೨೦೨೩ರ ಜುಲೈಯಲ್ಲಿ ಜಪಾನಿನ ನಗೋಯಾ ಬಂದರಿನ ಕಂಟೇನರ್ ಕೆಲಸವು ಇಂಥದೇ ದಾಳಿಯಿಂದ ಎರಡು ದಿನಕ್ಕೂ ಮಿಕ್ಕಿ ನಿಂತಿತು. ಆದುದರಿಂದ ದೀಪವಿರುವ ಮನೆಯಲ್ಲಿಯೂ ಕಂದೀಲು ಇಟ್ಟುಕೊಳ್ಳುವಂತೆ, ಯಂತ್ರ ನಿಂತ ದಿನ ಕೈಬರಹದಿಂದ ಕೆಲಸ ಸಾಗಿಸುವ ಅಭ್ಯಾಸವನ್ನು ಪ್ರತಿಯೊಂದು ಬಂದರೂ ಬಿಡದೆ ಇಟ್ಟುಕೊಳ್ಳಬೇಕು.

ಹಾಗಾದರೆ ನಾವು ಕೇಳಬೇಕಾದುದೇನು? ನನ್ನ ಅಲ್ಪಮತಿಗೆ ತೋರುವುದು ನಾಲ್ಕು ಸಂಗತಿಗಳು.

ಮೊದಲನೆಯದು, ಸಣ್ಣವರಿಗೆ ಸಾಮೂಹಿಕ ಅಂಗಳ. ಒಬ್ಬೊಬ್ಬರೇ ಕಂಟೇನರ್ ತುಂಬಲಾರದ ಹತ್ತು ಫೌಂಡ್ರಿಗಳು ಕೂಡಿ ಬೆಳಗಾವಿಯಲ್ಲಿಯೇ ಒಂದು ಕಂಟೇನರ್ ತುಂಬಿ, ಸುಂಕದ ಮೊಹರು ಪಡೆದು ಕಳಿಸುವ ಅನುಕೂಲ ಸಲೀಸಾಗಿ ದೊರೆಯಬೇಕು. ಸಹಕಾರ ಚಳುವಳಿಯು ಬೇರೂರಿದ ನಾಡು ಇದು. ಹಾಲನ್ನು, ಕಬ್ಬನ್ನು ಕೂಡಿಸಿ ಮಾರಲು ಕಲಿತವರಿಗೆ ಎರಕವನ್ನು ಕೂಡಿಸಿ ಕಳಿಸುವುದು ಅಸಾಧ್ಯವೇನಲ್ಲ.

ಎರಡನೆಯದು, ಭಾಷೆ. ಈ ಗಣಕದ್ವಾರಗಳ ಮಾತು ಬಹುಪಾಲು ಇಂಗ್ಲೀಷು. ಕುಲುಮೆಯ ಮುಂದೆ ಬೆವರು ಸುರಿಸುವವನೂ ಲಾರಿಯನ್ನು ಘಟ್ಟ ಇಳಿಸುವವನೂ ತಮ್ಮ ಮಾಲಿನ ಗತಿಯನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿದೆ. ತಿಳಿವಳಿಕೆಯ ಪತ್ರಗಳು, ತಪ್ಪಾದಾಗ ಬರುವ ಸೂಚನೆಗಳು, ಲಾರಿಯವರಿಗೆ ಕಳಿಸುವ ಸಂದೇಶಗಳು ಕನ್ನಡದಲ್ಲಿ ಇರಲೇಬೇಕು. ಮರಾಠಿ, ಕೊಂಕಣಿಗಳಲ್ಲಿಯೂ ಇರಲಿ. ತೆರೆಯ ಮೇಲೆ ಭಾಷೆ ಬದಲಿಸುವುದು ಯಂತ್ರಕ್ಕೆ ಕಷ್ಟದ ಕೆಲಸವಲ್ಲ, ಕಷ್ಟವಿರುವುದು ಮನಸ್ಸಿನಲ್ಲಿ.

ಮೂರನೆಯದು, ಸಣ್ಣ ಬಂದರುಗಳಿಗೂ ಅದೇ ಪದ್ಧತಿ. ಮಾರ್ಮಗೋವಾ, ನವಮಂಗಳೂರು ಮುಂತಾದವು ಕೇಂದ್ರದ ಬಂದರುಗಳು. ಕಾರವಾರ, ಬೇಲೆಕೇರಿ, ಹೊನ್ನಾವರಗಳಂಥವು ರಾಜ್ಯದವು. ೨೦೧೫ರ ಕಾಯಿದೆಯಿಂದ ಅವಕ್ಕಾಗಿ ಕರ್ನಾಟಕ ಮೆರಿಟೈಮ್ ಬೋರ್ಡಿನ ವ್ಯವಸ್ಥೆಯಾಗಿದೆ. ದೊಡ್ಡ ಬಂದರಿನಲ್ಲಿ ಬೆಳಕು, ಸಣ್ಣ ಬಂದರಿನಲ್ಲಿ ಕತ್ತಲೆ ಎಂದಾದರೆ ಕಳ್ಳಮಾಲು ಕತ್ತಲೆಯ ಕಡೆಗೇ ಹೋಗುತ್ತದೆ. ಬೇಲೆಕೇರಿ ಕಲಿಸಿದ ಪಾಠವಿದು. ಎಷ್ಟು ಮಾಲು ಬಂದಿತು, ಎಷ್ಟು ಹೋಯಿತು ಎಂಬ ಮೊತ್ತದ ಲೆಕ್ಕ ಸಾರ್ವಜನಿಕರಿಗೂ ಕಾಣುವಂತಿರಬೇಕು.

ನಾಲ್ಕನೆಯದು, ತೀರ ಸಣ್ಣವರ ದಾರಿ. ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯಿದೆ. ಇಲ್ಲಿಯ ಮಣ್ಣು ಹೆಂಚಿಗೂ ಮಡಕೆಗೂ ಹೇಳಿ ಮಾಡಿಸಿದ್ದು. ಇಲ್ಲಿ ಗೇರೂ ಬೆಳೆಯುತ್ತದೆ. ಕುಂಬಾರನೊಬ್ಬನು ಕಂಟೇನರ್ ತುಂಬಬೇಕಾಗಿಲ್ಲ. ೨೦೨೨ರ ಕೊನೆಗೆ ಬಂದ ನಿಯಮಗಳ ಪ್ರಕಾರ ಅಂಚೆಯ ಮೂಲಕ ರಫ್ತು ಮಾಡುವವನು ಸುಂಕದ ಪತ್ರವನ್ನು ಗಣಕದಲ್ಲಿಯೇ ತುಂಬಬಹುದು. ಇದಕ್ಕೆ ನೆರವಾಗಲು ಅಂಚೆ ಇಲಾಖೆಯು ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳನ್ನು ತೆರೆದಿದೆ. ಊರಿನ ಅಂಚೆಮನೆಯು ಊರಿನ ಬಂದರಾಗುವ ಈ ಯೋಜನೆಯು ಹಳ್ಳಿಗಳಿಗೆ ಮುಟ್ಟುವಂತೆ ಪ್ರಚಾರವಾಗಬೇಕು. ಯೋಜನೆ ಇದೆಯೆಂಬುದೇ ತಿಳಿಯದವನಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೊನೆಯದಾಗಿ ನಮ್ಮ ಕಾಲೇಜಿನ ಗೆಳೆಯರಿಗೆ ಒಂದು ಮಾತು. ಬಂದರು, ಯಂತ್ರ, ಗಣಕ ಎಂದೊಡನೆ ಇದು ಇಂಜಿನಿಯರಿಂಗ್ ಓದುವವರ ಪಾಡು, ಕಲಾವಿಭಾಗದ ನಮಗೇನು ಎಂಬ ಉದಾಸೀನ ನಮ್ಮಲ್ಲಿ ಬೇಡ. ಕ್ರೇನು ಇಂಜಿನಿಯರನದು ನಿಜ. ಆದರೆ ಬಂದರಿನ ಹೊಸ ಕೆಲಸವೆಲ್ಲ ಅಕ್ಷರದ ಕೆಲಸ. ವಸ್ತುವನ್ನು ಸರಿಯಾದ ಹೆಸರಿನಿಂದ ಕರೆಯುವುದು, ಒಪ್ಪಂದದ ವಾಕ್ಯವನ್ನು ಅರ್ಥಮಾಡಿಕೊಳ್ಳುವುದು, ದೇಶದೇಶಗಳ ಭೂಗೋಳ, ಕಾಯಿದೆ, ನಾಣ್ಯಗಳನ್ನು ತಿಳಿಯುವುದು, ಒಂದು ಭಾಷೆಯದನ್ನು ಇನ್ನೊಂದಕ್ಕೆ ತಪ್ಪಿಲ್ಲದೆ ತರುವುದು—ಇವು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭಾಷೆಗಳನ್ನು ಓದಿದವರ ಕೆಲಸಗಳಲ್ಲವೇ? ಕಾಯಿದೆಗಳೇ ಈಗ ಬದಲಾಗುತ್ತಿವೆ. ಬ್ರಿಟನ್ನಿನಲ್ಲಿ ೨೦೨೩ರ ಕಾಯಿದೆಯಿಂದ ಗಣಕದಲ್ಲಿರುವ ವ್ಯಾಪಾರಪತ್ರಕ್ಕೆ ಕಾಗದದಷ್ಟೇ ಬೆಲೆ ಬಂದಿದೆ. ನಮ್ಮಲ್ಲಿ ಬಿಲ್ ಆಫ್ ಲೇಡಿಂಗಿಗೆ ೧೮೫೬ರ ಕಾಯಿದೆಯೇ ಆಧಾರವಾಗಿದ್ದು, ೨೦೨೫ರಲ್ಲಷ್ಟೇ ಅದರ ಬದಲಿಗೆ ಹೊಸ ಕಾಯಿದೆ ಅಂಗೀಕೃತವಾಯಿತು. ಇಂಥ ಬದಲಾವಣೆಗಳನ್ನು ಓದಿ, ತಿಳಿದು, ಕನ್ನಡದಲ್ಲಿ ಹೇಳಬಲ್ಲ ಪದವೀಧರನು ಒಂದು ಸಣ್ಣ ಕಾರಖಾನೆಗೆ ಒಂದು ಹೊಸ ಯಂತ್ರದಷ್ಟೇ ಉಪಯುಕ್ತನು. ನಮ್ಮ ಕಾಲೇಜುಗಳು ಉದ್ಯಮಬಾಗದ ಸಣ್ಣ ಉದ್ದಿಮೆಗಳೊಡನೆ ಸೇರಿ ರಜೆಯ ದಿನಗಳಲ್ಲಿ ಇಂಥ ಪತ್ರವ್ಯವಹಾರದ ಶಿಬಿರಗಳನ್ನು ನಡೆಸಿದರೆ ವಿದ್ಯಾರ್ಥಿಗೆ ಕಸುಬೂ ಆಯಿತು, ಊರಿಗೆ ಉಪಕಾರವೂ ಆಯಿತು.

ಜಕಾತಿಯ ಕಟ್ಟೆ ಕ್ಯಾಸಲ್ ರಾಕ್‌ನಲ್ಲಿದ್ದ ಕಾಲದಲ್ಲಿ ಅದನ್ನು ದಾಟಲು ಕೈಯಲ್ಲಿ ಚೀಟಿ ಬೇಕಾಗಿತ್ತು. ಇಂದು ಕಟ್ಟೆ ನಮ್ಮ ಮನೆಯ ಮುಂದೆಯೇ ಬಂದಿದೆ. ಅದನ್ನು ದಾಟಲು ತಿಳಿವಳಿಕೆ ಬೇಕಾಗಿದೆ. ಆ ತಿಳಿವಳಿಕೆಯು ಕೆಲವರ ಸ್ವತ್ತಾಗಿ ಉಳಿದರೆ ಎಷ್ಟು ಯಂತ್ರಗಳನ್ನು ತಂದರೂ ಬಂದರು ಬಡವನಿಂದ ಮೊದಲಿನಷ್ಟೇ ದೂರ. ಅದು ಎಲ್ಲರದಾದರೆ ಎರಡೂವರೆ ಸಾವಿರ ಅಡಿ ಎತ್ತರದ ಬೆಳಗಾವಿಯೂ ಕಾಡಿನ ನಡುವಣ ಖಾನಾಪುರವೂ ಕಡಲತೀರದ ಊರುಗಳೇ ಸರಿ. ಸರಕಾರವು ಯಂತ್ರವನ್ನು ತರಲಿ. ತಿಳಿವಳಿಕೆಯನ್ನು ತರುವ ಹೊಣೆಯಲ್ಲಿ ಓದಿದ ನಮ್ಮ ಪಾಲೂ ಇದೆ.